ಕತ್ತಲೆಗೂ ಒಂದು ಹೆಸರು: ಆದಿಕಾಂಡದ ಏಳು ದಿನಗಳ ಒಳನೋಟ

ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ನಿಧಾನವಾಗಿ ಓದುವವರಿಗೆ ಎದುರಾಗುವ ಮೊದಲ ತೊಡಕು ಬೆಳಕಿನದು. ಬೆಳಕು ಉಂಟಾಗುವುದು ಮೊದಲನೆಯ ದಿನ. ಸೂರ್ಯ, ಚಂದ್ರ, ನಕ್ಷತ್ರಗಳು ಬರುವುದು ನಾಲ್ಕನೆಯ ದಿನ. ಅದಕ್ಕೆ ಮುಂಚಿನ ಮೂರು ದಿನವೂ ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು ಎಂದು ಗ್ರಂಥ ಹೇಳುತ್ತದೆ. ಆದರೆ ಮುಳುಗಲು ಆಗಿನ್ನೂ ಸೂರ್ಯನೇ ಇರಲಿಲ್ಲ. ಇದು ವಿಜ್ಞಾನ ಓದಿದ ನಮ್ಮ ಕಾಲದವರು ಎತ್ತಿದ ಆಕ್ಷೇಪವೆಂದು ಹಲವರು ಭಾವಿಸುತ್ತಾರೆ. ಆದರೆ ಮೂರನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯಾದ ಒರಿಜೆನ್ ಎಂಬ ಕ್ರೈಸ್ತ ಪಂಡಿತ, ಸೂರ್ಯಚಂದ್ರರಿಲ್ಲದೆ ಮೂರು ಹಗಲು ಮೂರು ರಾತ್ರಿ ಕಳೆದವೆಂದು ವಿವೇಕವುಳ್ಳ ಯಾರು ತಾನೇ ನಂಬುತ್ತಾರೆ ಎಂದು ಕೇಳಿದ್ದ. ಈ ಪ್ರಶ್ನೆಯಿಂದ ಅವನ ವಿಶ್ವಾಸ ಕದಲಲಿಲ್ಲ. ನಡೆದ ಸಂಗತಿಯ ರೂಪದಲ್ಲಿ ಗೂಢವಾದ ಸತ್ಯಗಳನ್ನು ಹೇಳುವ ಮಾತುಗಳಿವು ಎಂದು ಅವನು ತಿಳಿದ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಲೆಕ್ಕ ಹಾಕಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರ ಅಕ್ಟೋಬರ್ 23ರಂದು ಎಂದು ಬರೆದದ್ದು 1650ರಲ್ಲಿ. ಈ ಅಧ್ಯಾಯವನ್ನು ಸಾಂಕೇತಿಕವಾಗಿ ಓದುವ ಪರಂಪರೆ ಅಶರನ ಆ ಲೆಕ್ಕಕ್ಕಿಂತ ಬಹಳ ಹಳೆಯದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಾಂಕೇತಿಕ ಓದು ಎಂದರೆ ವಿಜ್ಞಾನಕ್ಕೆ ಹೆದರಿ ಹಿಂದೆ ಸರಿದವರ ಆಶ್ರಯ ಎಂಬ ಭಾವನೆ ನಮ್ಮ ಚರ್ಚುಗಳಲ್ಲಿ ಇಂದಿಗೂ ಇದೆ.

ಒರಿಜೆನ್ ಈ ಬಗೆಯ ಓದನ್ನು ಹೊರಗಿನಿಂದ ತಂದು ಬೈಬಲ್ಲಿನ ಮೇಲೆ ಹೇರಲಿಲ್ಲ. ಬೈಬಲ್ಲೇ ತನ್ನ ಮೊದಲ ಪುಟವನ್ನು ಹೀಗೆ ಓದಿಕೊಂಡಿದೆ. ಪ್ರವಾದಿ ಯೆರೆಮೀಯನು ತನ್ನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ, ಯೂದಾಯ ನಾಡಿನ ಮೇಲೆ ಬರಲಿರುವ ವಿನಾಶವನ್ನು ಕಂಡು, ಭೂಮಿಯನ್ನು ನೋಡಿದೆ, ಅದು ಕ್ರಮವಿಲ್ಲದೆ ಬರಿದಾಗಿತ್ತು, ಆಕಾಶವನ್ನು ನೋಡಿದೆ, ಅಲ್ಲಿ ಬೆಳಕಿರಲಿಲ್ಲ ಎಂದು ಗೋಳಿಡುತ್ತಾನೆ. ಸೃಷ್ಟಿಗೆ ಮುಂಚಿನ ಸ್ಥಿತಿಯನ್ನು ಹೇಳಲು ಆದಿಕಾಂಡ ಬಳಸಿದ ಮಾತುಗಳಲ್ಲೇ ಅವನು ಹಾಳುಬಿದ್ದ ಊರನ್ನೂ ಒಡೆದ ಜನಜೀವನವನ್ನೂ ವರ್ಣಿಸುತ್ತಾನೆ. ಸಂತ ಪೌಲ ಇನ್ನೂ ಮುಂದೆ ಹೋಗುತ್ತಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಕತ್ತಲೆಯೊಳಗಿಂದ ಬೆಳಕು ಹೊಳೆಯಲಿ ಎಂದ ದೇವರೇ ನಮ್ಮ ಹೃದಯಗಳಲ್ಲಿ ಹೊಳೆದನು ಎಂದು ನೇರವಾಗಿಯೇ ಹೇಳುತ್ತಾನೆ. ಮೊದಲನೆಯ ದಿನ ನಡೆದದ್ದು ಎಲ್ಲಿ ಎಂಬ ಪ್ರಶ್ನೆಗೆ ಪೌಲನ ಉತ್ತರದಲ್ಲಿ ಹೃದಯವೂ ಒಂದು ಜಾಗ. ಐವತ್ತೊಂದನೆಯ ಕೀರ್ತನೆಯಲ್ಲಿ ಪಶ್ಚಾತ್ತಾಪಪಡುವವನು ತನ್ನೊಳಗೆ ಶುದ್ಧ ಹೃದಯವೊಂದನ್ನು ಸೃಷ್ಟಿಸು ಎಂದು ಬೇಡುತ್ತಾನೆ. ಇರುವ ಹೃದಯವನ್ನು ತೊಳೆದುಕೊಡು ಎಂದಷ್ಟೇ ಬೇಡಿದ್ದರೆ ಸಾಲುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಆದಿಯಲ್ಲಿ ನಡೆದಂಥ ಕೆಲಸ.

ಈ ಅಧ್ಯಾಯ ಇಂದಿನ ರೂಪ ಪಡೆದದ್ದು ಬಾಬಿಲೋನಿನ ಸೆರೆಯ ಕಾಲದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಜೆರುಸಲೇಮು ಬಿದ್ದು, ದೇವಾಲಯ ಸುಟ್ಟುಹೋಗಿ, ಜನ ಸೆರೆಯಾಳುಗಳಾಗಿ ಹೋದ ನಾಡಿನಲ್ಲಿ ವರ್ಷಕ್ಕೊಮ್ಮೆ ಹೊಸವರ್ಷದ ಹಬ್ಬದಂದು ಬೇರೊಂದು ಸೃಷ್ಟಿಕಥೆಯನ್ನು ಹಾಡಿ ಹೇಳುತ್ತಿದ್ದರು. ಎನೂಮಾ ಎಲಿಶ್ ಎಂಬ ಆ ಕಾವ್ಯದಲ್ಲಿ ಮರ್ದೂಕ್ ದೇವನು ಸಾಗರರೂಪಿಣಿಯಾದ ತಿಯಾಮತ್ ಎಂಬ ಆದಿಮಾತೆಯನ್ನು ಕೊಂದು, ಅವಳ ದೇಹವನ್ನು ಎರಡು ಹೋಳಾಗಿ ಸೀಳಿ, ಒಂದರಿಂದ ಆಕಾಶವನ್ನು ಮಾಡುತ್ತಾನೆ. ಕೊಲೆಯಾದ ಇನ್ನೊಬ್ಬ ದೇವನ ರಕ್ತದಿಂದ ದೇವತೆಗಳ ಊಳಿಗಕ್ಕಾಗಿ ಮನುಷ್ಯನನ್ನು ಹುಟ್ಟಿಸುತ್ತಾರೆ. ಸೋತವರು ಬರೆದ ಕಥೆಯಲ್ಲಿ ಸೇಡು ಇರುತ್ತದೆ ಎಂದು ನಾವು ನಿರೀಕ್ಷಿಸುತ್ತೇವೆ. ಆದಿಕಾಂಡದಲ್ಲಿಯಾದರೋ ಅದೇ ಸಾಗರವಿದೆ, ಅದೇ ಕತ್ತಲೆಯಿದೆ, ಅದೇ ನೀರು ಎರಡು ಭಾಗವಾಗುತ್ತದೆ, ಆದರೆ ಯುದ್ಧವಿಲ್ಲ. ಕೊಲ್ಲಬೇಕಾದ ಶತ್ರು ಯಾರೂ ಇಲ್ಲ. ಇರುವುದು ಒಂದು ಮಾತು, ಆ ಮಾತಿಗೆ ಓಗೊಡುವ ಒಂದು ಲೋಕ. ಕನ್ನಡದ ಓದುಗರಿಗೆ ಇಲ್ಲಿ ಋಗ್ವೇದದ ನಾಸದೀಯ ಸೂಕ್ತ ನೆನಪಾಗುವುದು ಸಹಜ. ಕತ್ತಲೆ ಕವಿದ ಕತ್ತಲೆಯೂ ಗುರುತಿಲ್ಲದ ನೀರೂ ಅಲ್ಲಿಯೂ ಇವೆ. ಆದರೆ ಆ ಸೂಕ್ತ ಮುಗಿಯುವುದು, ಇದೆಲ್ಲ ಎಲ್ಲಿಂದ ಬಂತೆಂದು ಅದರ ಅಧ್ಯಕ್ಷನಿಗಾದರೂ ಗೊತ್ತಿದೆಯೋ ಇಲ್ಲವೋ ಎಂಬ ಮಹಾಪ್ರಶ್ನೆಯಲ್ಲಿ. ಎರಡೂ ಒಂದನ್ನೇ ಹೇಳುತ್ತವೆ ಎಂದುಬಿಟ್ಟರೆ ಎರಡಕ್ಕೂ ಅನ್ಯಾಯ ಮಾಡಿದಂತಾಗುತ್ತದೆ.

ನನಗೆ ಈ ಅಧ್ಯಾಯದ ಜೀವಾಳವೆಂದು ಕಾಣುವುದು ಇದು: ದೇವರು ಇಲ್ಲಿ ಏನನ್ನೂ ಅಳಿಸುವುದಿಲ್ಲ, ಬೇರ್ಪಡಿಸುತ್ತಾನೆ. ಬೆಳಕು ಬಂದಾಗ ಕತ್ತಲೆ ಇಲ್ಲವಾಯಿತು ಎಂದು ಗ್ರಂಥ ಹೇಳುವುದಿಲ್ಲ. ಬೆಳಕನ್ನೂ ಕತ್ತಲೆಯನ್ನೂ ಬೇರೆ ಬೇರೆ ಮಾಡಿ, ಬೆಳಕಿಗೆ ಹಗಲೆಂದೂ ಕತ್ತಲೆಗೆ ಇರುಳೆಂದೂ ಹೆಸರಿಟ್ಟನು ಎನ್ನುತ್ತದೆ. ಒಳ್ಳೆಯದೆಂದು ಕಂಡದ್ದು ಬೆಳಕನ್ನು ಮಾತ್ರ, ಕತ್ತಲೆಯನ್ನು ಹೊಗಳಲಿಲ್ಲ. ಆದರೂ ಹೆಸರು ಎರಡಕ್ಕೂ ಸಿಕ್ಕಿತು, ದಿನದಲ್ಲಿ ಪಾಲು ಎರಡಕ್ಕೂ ಸಿಕ್ಕಿತು. ಅಷ್ಟೇ ಅಲ್ಲ, ಲೆಕ್ಕ ಶುರುವಾಗುವುದು ಸಂಜೆಯಿಂದ. ಯೆಹೂದ್ಯರು ಇಂದಿಗೂ ದಿನವನ್ನು ಸೂರ್ಯಾಸ್ತದಿಂದ ಎಣಿಸುತ್ತಾರೆ. ಶುಕ್ರವಾರ ಸಂಜೆ ದೀಪ ಹಚ್ಚಿದಾಗ ಅವರ ವಾರದ ವಿಶ್ರಾಂತಿದಿನವಾದ ಸಬ್ಬತ್ ಆರಂಭವಾಗುತ್ತದೆ. ಮೊದಲು ಇರುಳು, ಆಮೇಲೆ ಹಗಲು. ಇರುಳೂ ಸಮುದ್ರವೂ ಇಲ್ಲದ ಲೋಕದ ಮಾತು ಬೈಬಲ್ಲಿನಲ್ಲಿ ಇಲ್ಲವೆಂದಲ್ಲ, ಇದೆ. ಆದರೆ ಅದು ಪ್ರಕಟನೆ ಗ್ರಂಥದ ಕೊನೆಯ ಎರಡು ಅಧ್ಯಾಯಗಳಲ್ಲಿದೆ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ನಡುವೆ ಬದುಕುವವರಿಗೆ ಸಿಕ್ಕಿರುವುದು ಮೇರೆಯಿರುವ, ಹೆಸರಿರುವ ಕತ್ತಲೆ.

ಇದು ಅಂತರಂಗದ ಸಾಧನೆಗೆ ಎಷ್ಟು ಹತ್ತಿರದ ಮಾತು ಎಂಬುದು ನನಗೆ ಮನವರಿಕೆಯಾದದ್ದು ದುಃಖದ ದಿನಗಳಲ್ಲಿ. ಮನೆಯಲ್ಲಿ ಸಾವಾದ ಮೇಲೆ ಪ್ರಾರ್ಥನೆಗೆ ಕೂತರೆ, ಒಳಗಿನದೆಲ್ಲ ಒಂದೇ ಕಪ್ಪು ನೀರಿನಂತೆ ಇರುತ್ತಿತ್ತು. ಯಾವುದು ದುಃಖ, ಯಾವುದು ಸಿಟ್ಟು, ಯಾವುದು ಭಯ ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ದೇವರು ಅದನ್ನು ತೆಗೆದುಹಾಕಲಿಲ್ಲ. ಕ್ರಮೇಣ ಆದದ್ದೆಂದರೆ, ಇದು ಅಗಲಿಕೆಯ ನೋವು, ಇದು ಯಾರ ಮೇಲೋ ಇರುವ ಮುನಿಸು, ಇದು ನಾಳೆಯ ಅಂಜಿಕೆ ಎಂದು ಒಂದೊಂದಕ್ಕೂ ಹೆಸರು ಹೇಳುವ ಶಕ್ತಿ ಬಂದದ್ದು. ಹೆಸರು ಬಂದಮೇಲೆ ಅವು ಇಡೀ ದಿನವನ್ನು ನುಂಗಲಿಲ್ಲ. ತಮ್ಮ ಹೊತ್ತಿಗೆ ಬಂದು ತಮ್ಮ ಹೊತ್ತಿಗೆ ಹೋದವು. ಆ ಕಾಲದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಎರಡನೆಯ ವಚನವನ್ನು. ಇನ್ನೂ ಬೆಳಕಾಗಲಿ ಎಂಬ ಮಾತು ಹೊರಟಿಲ್ಲ, ಏನೂ ಸರಿಹೋಗಿಲ್ಲ, ಆದರೆ ದೇವರಾತ್ಮ ಆಗಲೇ ನೀರಿನ ಮೇಲೆ ಚಲಿಸುತ್ತಿದೆ. ಧರ್ಮೋಪದೇಶಕಾಂಡದ ಗೀತೆಯೊಂದರಲ್ಲಿ ಹದ್ದು ತನ್ನ ಮರಿಗಳ ಮೇಲೆ ರೆಕ್ಕೆ ಬಡಿದು ಹಾರಾಡುವ ಚಿತ್ರ ಬರುತ್ತದಲ್ಲ, ಈ ಚಲನೆಯೂ ಅಂಥದೇ ಎಂದು ಹಿಂದಿನಿಂದ ವ್ಯಾಖ್ಯಾನಕಾರರು ಹೇಳುತ್ತಾ ಬಂದಿದ್ದಾರೆ. ಕ್ರಮವಿಲ್ಲದ ಸ್ಥಿತಿ ದೇವರಿಲ್ಲದ ಸ್ಥಿತಿಯಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಬೇರೆ ಸಿಕ್ಕಿಲ್ಲ.

ಎರಡನೆಯ ದಿನವನ್ನು ಸಾಮಾನ್ಯವಾಗಿ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಆಕಾಶದ ಗುಮ್ಮಟವೊಂದು ಹುಟ್ಟಿ, ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರೆ ಮಾಡುತ್ತದೆ, ಅಷ್ಟೇ. ಆದರೆ ಹೀಬ್ರೂ ಮೂಲದಲ್ಲಿ ಆರು ದಿನಗಳ ಪೈಕಿ ಒಳ್ಳೆಯದೆಂಬ ಮಾತಿಲ್ಲದ ದಿನ ಇದೊಂದೇ. ಈ ಅಧ್ಯಾಯದಲ್ಲಿ ಆ ಮಾತು ಒಟ್ಟು 7 ಸಲ ಬರುತ್ತದೆ, ಮೂರನೆಯ ಮತ್ತು ಆರನೆಯ ದಿನಗಳಲ್ಲಿ ಎರಡೆರಡು ಸಲ. ಎರಡನೆಯ ದಿನ ಮಾತ್ರ ಬರಿದು. ಆ ದಿನ ಹುಟ್ಟಿದ್ದು ಒಡಕು, ಆದ್ದರಿಂದ ಅದನ್ನು ಒಳ್ಳೆಯದೆನ್ನಲಿಲ್ಲ ಎಂದು ಯೆಹೂದಿ ರಬ್ಬಿಗಳು ವಿವರಿಸಿದರು. ಕೆಲಸ ಅಂದು ಮುಗಿದಿರಲಿಲ್ಲ, ನೀರಿನ ಕೆಲಸ ಮುಗಿದದ್ದು ಮೂರನೆಯ ದಿನ, ಆದ್ದರಿಂದಲೇ ಅಂದು ಎರಡು ಸಲ ಹೇಳಿದ್ದು ಎಂದೂ ಅವರೇ ವಿವರಿಸಿದರು. ನನಗೆ ಎರಡನೆಯ ವಿವರಣೆ ಹೆಚ್ಚು ಒಪ್ಪಿಗೆ. ಒಳಗನ್ನು ಬಿಡಿಸಿ ನೋಡಲು ತೊಡಗಿದವರಿಗೆ, ಬೇರ್ಪಡಿಸಿದ್ದು ಆಗಿದೆ, ಆದರೆ ಕಾಲಿಡಲು ಒಣನೆಲ ಇನ್ನೂ ಕಾಣಿಸಿಲ್ಲ ಎಂಬ ದಿನ ಬರುತ್ತದೆ. ಮೇಲೂ ನೀರು, ಕೆಳಗೂ ನೀರು. ಹಳೆಯ ಅಭ್ಯಾಸ ಬಿಟ್ಟಿರುತ್ತೇವೆ, ಹೊಸದು ನೆಲೆಯೂರಿರುವುದಿಲ್ಲ. ಆ ದಿನವನ್ನು ಒಳ್ಳೆಯದೆಂದು ಕರೆಯಬೇಕೆಂಬ ಒತ್ತಾಯ ಗ್ರಂಥಕ್ಕೇ ಇಲ್ಲವೆಂದಮೇಲೆ ನಮಗೂ ಇರಬೇಕಿಲ್ಲ. ಆದರೂ ಅದು ಎಣಿಕೆಗೆ ಸೇರಿದೆ. ಸಾಯಂಕಾಲವೂ ಪ್ರಾತಃಕಾಲವೂ ಆಗಿ ಎರಡನೆಯ ದಿನವಾಯಿತು. ಅಂದು ಹಾಕಿದ ಎಲ್ಲೆ ಒಮ್ಮೆ ಹಾಕಿದರೆ ಸದಾಕಾಲಕ್ಕೆ ನಿಲ್ಲುವಂಥದೂ ಅಲ್ಲ. ನೋಹನ ಕಾಲದ ಜಲಪ್ರಳಯದಲ್ಲಿ ಆಗುವುದೇನೆಂದು ಏಳನೆಯ ಅಧ್ಯಾಯದಲ್ಲಿ ನೋಡಿದರೆ, ಕೆಳಗಿನ ಸಾಗರದ ಸೆಲೆಗಳು ಒಡೆಯುತ್ತವೆ, ಮೇಲೆ ಆಕಾಶದ ತೂಬುಗಳು ತೆರೆಯುತ್ತವೆ. ಎರಡನೆಯ ದಿನ ಬೇರೆಯಾದದ್ದು ಮತ್ತೆ ಕೂಡಿಕೊಳ್ಳುತ್ತದೆ. ಹಿಂಸೆ ತುಂಬಿದ ಭೂಮಿ ತನ್ನ ಸೃಷ್ಟಿಯನ್ನೇ ಹಿಂದಕ್ಕೆ ಬಿಚ್ಚಿಕೊಂಡಿತು ಎಂಬುದು ಆ ಕಥೆಯ ಒಳಾರ್ಥ.

ಆರು ದಿನಗಳಲ್ಲಿ ಎರಡು ಸಾಲುಗಳಿವೆ ಎಂಬುದನ್ನು ಬಹಳ ಮಂದಿ ಗಮನಿಸಿದ್ದಾರೆ. ಮೊದಲ ಮೂರು ದಿನ ಜಾಗ ಸಿದ್ಧವಾಗುತ್ತದೆ: ಹಗಲಿರುಳು, ಆಕಾಶ ಮತ್ತು ನೀರು, ಒಣನೆಲ. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಅವು ತುಂಬಿಕೊಳ್ಳುತ್ತವೆ: ಹಗಲಿರುಳಿಗೆ ಸೂರ್ಯಚಂದ್ರರು, ನೀರಿಗೆ ಮೀನು, ಆಕಾಶಕ್ಕೆ ಹಕ್ಕಿ, ನೆಲಕ್ಕೆ ಮೃಗಗಳು ಮತ್ತು ಮನುಷ್ಯ. ದೇವರು ತಾನೇ ಹೆಸರಿಡುವುದು ಮೊದಲ ಮೂರು ದಿನಗಳಲ್ಲಿ ಮಾತ್ರ. ಆಧ್ಯಾತ್ಮಿಕ ಬದುಕಿನಲ್ಲಿ ನಮಗೆಲ್ಲ ಆತುರವಿರುವುದು ತುಂಬಿಕೊಳ್ಳುವುದಕ್ಕೆ: ಅನುಭವ ಬೇಕು, ವರಗಳು ಬೇಕು, ಫಲ ಬೇಕು. ಗದ್ದೆಗೆ ನೀರು ಬಿಡುವ ಮುನ್ನ ಬದು ಕಟ್ಟಬೇಕೆಂಬುದು ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ. ಬದುವಿಲ್ಲದ ಗದ್ದೆಗೆ ಎಷ್ಟು ನೀರು ಹರಿದರೂ ಅಷ್ಟೂ ಪಕ್ಕಕ್ಕೆ ಹೋಗುತ್ತದೆ. ಪ್ರಾರ್ಥನೆಗೆಂದು ಹೊತ್ತು ಬೇರೆ ಮಾಡುವುದು, ಮಾತಿಗೂ ಮೌನಕ್ಕೂ ಎಲ್ಲೆ ಹಾಕಿಕೊಳ್ಳುವುದು, ಬೇಕಾದದ್ದನ್ನೂ ಆಸೆಯನ್ನೂ ಬೇರೆ ಬೇರೆಯಾಗಿ ಕಾಣುವುದು, ಇವೆಲ್ಲ ಮೊದಲ ಮೂರು ದಿನಗಳ ಕೆಲಸ. ಹೊರಗಿನಿಂದ ನೋಡಿದವರಿಗೆ ಆ ದಿನಗಳಲ್ಲಿ ಏನೂ ಓಡಾಡುವುದು ಕಾಣುವುದಿಲ್ಲ. ಆದರೆ ಮೂರನೆಯ ದಿನದ ಸಂಜೆಯೊಳಗೆ ನೆಲದಲ್ಲಿ ಹಸುರು ಚಿಗುರಿರುತ್ತದೆ, ಆ ಗಿಡಗಳು ತಮ್ಮ ಬೀಜವನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ; ಇನ್ನೂ ಸೂರ್ಯ ಹುಟ್ಟಿಲ್ಲ.

ಮೊದಲ ತೊಡಕಿಗೆ ನನ್ನ ಮಟ್ಟಿಗೆ ಉತ್ತರ ಸಿಗುವುದು ಇಲ್ಲಿಯೇ. ಮನಸ್ಸಿನಲ್ಲಿ ಬೆಳಕಾಗುವುದು, ಆ ಬೆಳಕು ಎಲ್ಲಿಂದ ಬಂತು, ಯಾವ ಸಿದ್ಧಾಂತಕ್ಕೆ ಸೇರಿದ್ದು ಎಂದು ತಿಳಿಯುವುದಕ್ಕೆ ಬಹಳ ಮುಂಚೆ. ಅನೇಕರು ಮೊದಲು ಬದಲಾಗಿ, ತಮ್ಮನ್ನು ಬದಲಿಸಿದ್ದು ಯಾವುದೆಂದು ಆಮೇಲೆ ತಿಳಿದುಕೊಳ್ಳುತ್ತಾರೆ. ಸೂರ್ಯಚಂದ್ರರಿಗೆ ನಾಲ್ಕನೆಯ ದಿನ ಸಿಗುವ ಗೌರವವೂ ಗಮನಿಸಬೇಕಾದದ್ದು. ಬಾಬಿಲೋನಿನಲ್ಲಿ ಅವರು ಪೂಜೆಗೊಳ್ಳುವ ದೇವರುಗಳು. ಇಲ್ಲಿ ಅವರ ಹೆಸರನ್ನೂ ಹೇಳದೆ, ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಕರೆದು, ಕಾಲಗಳನ್ನೂ ದಿನಗಳನ್ನೂ ತೋರಿಸುವ ಕೆಲಸಕ್ಕೆ ಅವರನ್ನು ಹಚ್ಚಲಾಗಿದೆ. ಗುರುಗಳು, ಗ್ರಂಥಗಳು, ಸಭೆಯ ವಿಧಿಗಳು ಎಲ್ಲವೂ ನಾಲ್ಕನೆಯ ದಿನದವು ಎಂದು ನಾನು ತಿಳಿಯುತ್ತೇನೆ. ಅವಿಲ್ಲದೆ ದಾರಿ ನಡೆಯುವುದು ಕಷ್ಟ, ಆದರೆ ಬೆಳಕು ಅವಕ್ಕಿಂತ ಹಿರಿಯದು.

ಈ ಓದಿಗೆ ಧರ್ಮಸಭೆಯ ಆರಾಧನೆಯೇ ಒಂದು ಸಾಕ್ಷಿ. ಕಥೋಲಿಕರ ಪಾಸ್ಕ (ಈಸ್ಟರ್) ಜಾಗರಣೆಯಲ್ಲಿ, ಶನಿವಾರ ರಾತ್ರಿ ದೀಪಗಳನ್ನೆಲ್ಲ ಆರಿಸಿದ ದೇವಾಲಯದೊಳಕ್ಕೆ ಪಾಸ್ಕದ ದೊಡ್ಡ ಮೇಣದಬತ್ತಿ ಬಂದಮೇಲೆ, ಹಳೆಯ ಒಡಂಬಡಿಕೆಯ 7 ವಾಚನಗಳಲ್ಲಿ ಮೊದಲನೆಯದಾಗಿ ಓದುವುದು ಈ ಅಧ್ಯಾಯವನ್ನೇ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಆ ರಾತ್ರಿ ಇದು ಕನ್ನಡದಲ್ಲಿ ಮೊಳಗುತ್ತದೆ. ಕ್ರಿಸ್ತನ ಪುನರುತ್ಥಾನದ ರಾತ್ರಿ ಲೋಕ ಹುಟ್ಟಿದ ಕಥೆ ಏಕೆ ಬೇಕು? ಅದೇ ರಾತ್ರಿ ಹೊಸಬರಿಗೆ ದೀಕ್ಷಾಸ್ನಾನ ಕೊಡುವುದು ಆದಿಸಭೆಯ ಕಾಲದಿಂದ ಬಂದ ರೂಢಿ. ಆದಿಯಲ್ಲಿ ಯಾವ ನೀರಿನ ಮೇಲೆ ದೇವರಾತ್ಮ ಚಲಿಸಿತೋ ಅದೇ ನೀರನ್ನು ಈ ನೀರಿನಲ್ಲಿ ಕಾಣಿರಿ ಎಂದು ಆ ವಾಚನ ಹೇಳುತ್ತದೆ. ಅಲ್ಲಿ ನಿಂತು ಕೇಳುವಾಗ ಭೂಮಿಗೆ ಎಷ್ಟು ವಯಸ್ಸಾಯಿತು ಎಂಬ ಪ್ರಶ್ನೆ ಯಾರ ಮನಸ್ಸಿಗೂ ಬರುವುದಿಲ್ಲ.

ಹಿಂದಿನವರು ಒಂದೊಂದು ದಿನಕ್ಕೂ ಆತ್ಮದ ಒಂದೊಂದು ಹಂತವನ್ನು ಹೊಂದಿಸಿದರು. ಸಂತ ಅಗಸ್ಟೀನ್ (354–430) ಬೆಳಕು ಕತ್ತಲೆಗಳನ್ನು ಎರಡು ಎದುರಾಳಿ ಶಕ್ತಿಗಳೆಂದು ನಂಬಿದ್ದ ಮಾನಿಕೀಯರಿಗೆ ಉತ್ತರವಾಗಿ ಬರೆದ ತನ್ನ ಆರಂಭದ ವ್ಯಾಖ್ಯಾನದಲ್ಲಿ ಮೊದಲನೆಯ ದಿನವನ್ನು ವಿಶ್ವಾಸದ ಬೆಳಕೆಂದೂ ಮೂರನೆಯ ದಿನದ ಗಿಡಮರಗಳನ್ನು ಸತ್ಕಾರ್ಯಗಳ ಫಲವೆಂದೂ ಓದಿದ. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಗಣಿ ಇಲಾಖೆಯ ಅಧಿಕಾರಿಯಾಗಿದ್ದ ಇಮ್ಯಾನುಯೆಲ್ ಸ್ವೀಡನ್‌ಬೋರ್ಗ್ ಆರು ದಿನಗಳನ್ನೂ ಮನುಷ್ಯನ ಮರುಹುಟ್ಟಿನ ಮೆಟ್ಟಿಲುಗಳಾಗಿ ವಿವರಿಸಿದ. ಒರಿಜೆನ್ ಐದನೆಯ ದಿನದ ಜಲಚರಗಳನ್ನು ಕೆಟ್ಟ ಆಲೋಚನೆಗಳೆಂದೂ ಹಕ್ಕಿಗಳನ್ನು ಒಳ್ಳೆಯ ಆಲೋಚನೆಗಳೆಂದೂ ಹೇಳಿದ. ಇಲ್ಲಿ ನಾನು ಅವನ ಜೊತೆ ಹೋಗಲಾರೆ. ಅದೇ ಮೀನುಗಳನ್ನು ನೋಡಿ ದೇವರು ಒಳ್ಳೆಯದೆಂದಿದ್ದಾನೆ, ಹೆಚ್ಚಿರಿ ಎಂದು ಆಶೀರ್ವದಿಸಿಯೂ ಇದ್ದಾನೆ. ಗ್ರಂಥ ಆಶೀರ್ವದಿಸಿದ್ದನ್ನು ಕೆಡುಕಿನ ಸಂಕೇತವಾಗಿಸುವ ಓದು, ಎಷ್ಟೇ ಭಕ್ತಿಯಿಂದ ಕೂಡಿದ್ದರೂ, ಮೂಲದ ದಿಕ್ಕಿಗೆ ಎದುರಾಗಿ ಹೋಗುತ್ತದೆ.

ಆರನೆಯ ದಿನದಲ್ಲಿ ಒರಿಜೆನ್ ಮತ್ತು ಅಗಸ್ಟೀನ್ ಇಬ್ಬರೂ ಬಹಳ ಆಳಕ್ಕೆ ಇಳಿದಿದ್ದಾರೆ. ಮನುಷ್ಯ ಆಳಬೇಕಾದ ಮೃಗಗಳು ಅವನೊಳಗಿನ ಆವೇಗಗಳೂ ಹೌದು ಎಂಬುದು ಅವರ ಮಾತು. ಮನುಷ್ಯನಿಗೆ ತನ್ನದೇ ಆದ ದಿನ ಸಿಗಲಿಲ್ಲ. ದನಕರುಗಳೂ ಕಾಡುಮೃಗಗಳೂ ಹರಿದಾಡುವ ಜಂತುಗಳೂ ಹುಟ್ಟಿದ ದಿನವೇ ಅವನೂ ಹುಟ್ಟಿದ. ಅವನೊಬ್ಬನನ್ನೇ ನೋಡಿ ಒಳ್ಳೆಯದೆಂದು ಪ್ರತ್ಯೇಕವಾಗಿ ಹೇಳಿಯೂ ಇಲ್ಲ. ಉಂಟುಮಾಡಿದ್ದೆಲ್ಲವನ್ನೂ ಒಟ್ಟಾಗಿ ನೋಡಿದಾಗ ಬಹಳ ಒಳ್ಳೆಯದಾಗಿತ್ತು. ದೇವರ ಸ್ವರೂಪವನ್ನು ಹೊತ್ತವನು ಮೃಗಗಳ ಒಡಹುಟ್ಟು ಎಂಬುದನ್ನು ಅರಗಿಸಿಕೊಳ್ಳದ ಸಾಧನೆ ಯಾವಾಗಲೂ ದೇಹದ್ವೇಷಕ್ಕೆ ಜಾರುತ್ತದೆ. ಆಳುವುದೆಂದರೇನು ಎಂಬುದನ್ನೂ ಅಧ್ಯಾಯವೇ ಹೇಳುತ್ತದೆ. ಇಪ್ಪತ್ತೆಂಟನೆಯ ವಚನದಲ್ಲಿ ಒಡೆತನ ಕೊಟ್ಟು, ಇಪ್ಪತ್ತೊಂಬತ್ತನೆಯ ವಚನದಲ್ಲಿ ಕಾಳು ಮತ್ತು ಹಣ್ಣುಗಳನ್ನು ಆಹಾರವಾಗಿ ಕೊಡುತ್ತದೆ. ಮಾಂಸ ತಿನ್ನಲು ಅನುಮತಿ ಬರುವುದು ಪ್ರಳಯದ ನಂತರ, ಒಂಬತ್ತನೆಯ ಅಧ್ಯಾಯದಲ್ಲಿ. ಅಂದರೆ ಆದಿಯಲ್ಲಿ ಕೊಟ್ಟ ಒಡೆತನದಲ್ಲಿ ಕೊಲ್ಲುವ ಅಧಿಕಾರ ಸೇರಿರಲಿಲ್ಲ. ಒಳಗಿನ ಸಿಟ್ಟನ್ನು, ಕಾಮವನ್ನು, ಹೆದರಿಕೆಯನ್ನು ಕೊಂದುಹಾಕಲು ಹೊರಡುವುದು ಮರ್ದೂಕನ ದಾರಿ. ಕತ್ತಲೆಗೆ ಇರುಳೆಂದು ಹೆಸರಿಟ್ಟು ನೆಲೆ ತೋರಿಸಿದವನ ಸ್ವರೂಪದಲ್ಲಿ ಹುಟ್ಟಿದವರು ಇವಕ್ಕೂ ಹೆಸರಿಡಬೇಕು, ನೆಲೆ ತೋರಿಸಬೇಕು. ಎರಡನೆಯ ಅಧ್ಯಾಯದಲ್ಲಿ ಮಣ್ಣಿನಿಂದ ಹುಟ್ಟಿದ ಆದಾಮನಿಗೆ ದೇವರು ಕೊಡಿಸುವ ಅಭ್ಯಾಸವೂ ಅದೇ: ಮೃಗಗಳನ್ನು ಅವನ ಮುಂದೆ ತಂದು ನಿಲ್ಲಿಸಿ, ಏನೆಂದು ಕರೆಯುತ್ತಾನೋ ನೋಡುತ್ತಾನೆ.

ಈ ಬಗೆಯ ಓದಿಗೆ ಒಂದು ಗಂಭೀರವಾದ ಆಕ್ಷೇಪವಿದೆ, ಅದನ್ನು ಎತ್ತಿದವರು ಸಾಮಾನ್ಯರಲ್ಲ. ಇಂದಿನ ಟರ್ಕಿಯಲ್ಲಿರುವ ಕಪ್ಪದೋಕ್ಯದ ಸೆಸರಿಯಾ ಪಟ್ಟಣದ ಬಿಷಪ್ ಸಂತ ಬಾಸಿಲ್ ನಾಲ್ಕನೆಯ ಶತಮಾನದಲ್ಲಿ ಈ ಆರು ದಿನಗಳ ಮೇಲೆ 9 ಉಪದೇಶಗಳನ್ನು ಕೊಟ್ಟ. ಒಂಬತ್ತನೆಯದರಲ್ಲಿ ಅವನು ಹೇಳುವ ಮಾತು, ನನಗೆ ಹುಲ್ಲೆಂದರೆ ಹುಲ್ಲು, ಮೀನೆಂದರೆ ಮೀನು ಎಂಬುದು. ಎಲ್ಲವನ್ನೂ ಒಳಗಿನದಾಗಿಸಿದರೆ ಹೊರಗಿನ ಲೋಕ ಬರೀ ನೆಪವಾಗುತ್ತದೆ, ಹುಲ್ಲಿನ ಮೇಲಿನ ಪ್ರೀತಿ ಹೋಗುತ್ತದೆ. ಬರಗಾಲ ಬಂದಾಗ ಹಸಿದವರಿಗೆ ಅನ್ನ ಒದಗಿಸಿದವನು, ಊರಹೊರಗೆ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯಧಾಮವನ್ನು ಕಟ್ಟಿಸಿದವನು ಇದೇ ಬಾಸಿಲ್ ಎಂಬುದನ್ನು ನೆನೆದರೆ ಅವನ ಮಾತಿನ ತೂಕ ಹೆಚ್ಚುತ್ತದೆ. ನಾನು ಒರಿಜೆನ್ನನ ಬೆಳಕನ್ನು ಬಿಡಲಾರೆ, ಬಾಸಿಲನ ಹುಲ್ಲನ್ನೂ ಬಿಡಲಾರೆ. ಎರಡೂ ಒಟ್ಟಿಗೆ ನಿಲ್ಲುವ ಜಾಗ ಏಳನೆಯ ದಿನ ಎಂಬುದು ನನ್ನ ತಿಳಿವಳಿಕೆ.

ಏಳನೆಯ ದಿನಕ್ಕೆ ಸಾಯಂಕಾಲವೂ ಪ್ರಾತಃಕಾಲವೂ ಆಯಿತೆಂಬ ಮಾತಿಲ್ಲ. ಅಗಸ್ಟೀನ್ ತನ್ನ ಆತ್ಮನಿವೇದನೆಯ ಕೊನೆಯ ಪುಟಗಳಲ್ಲಿ ಇದನ್ನೇ ಹಿಡಿದು, ಸಂಜೆಯಿಲ್ಲದ ಆ ದಿನದ ಶಾಂತಿಯನ್ನು ಕೊಡೆಂದು ದೇವರನ್ನು ಬೇಡುತ್ತಾನೆ. ಇಬ್ರಿಯರಿಗೆ ಬರೆದ ಪತ್ರವೂ ದೇವಜನರಿಗೆ ಒಂದು ವಿಶ್ರಾಂತಿ ಇನ್ನೂ ಉಳಿದಿದೆ ಎನ್ನುತ್ತದೆ. ಇದು ಈ ಸೃಷ್ಟಿಕಥೆಯ ಅತ್ಯಂತ ಒಳಗಿನ ಅರ್ಥ; ಇದಕ್ಕಿಂತ ಸೂಕ್ಷ್ಮವಾದದ್ದು ಇದರಲ್ಲಿ ಬೇರೆಯಿಲ್ಲ. ಆದರೆ ಇದೇ ದಿನ ಇಸ್ರಾಯೇಲಿನ ಕಾನೂನಿನಲ್ಲಿ ಅತ್ಯಂತ ಹೊರಗಿನ ರೂಪವನ್ನೂ ತಾಳಿತು. ಏಳನೆಯ ದಿನ ಕೆಲಸ ನಿಲ್ಲಿಸಬೇಕು, ನಿನ್ನ ಎತ್ತಿಗೂ ಕತ್ತೆಗೂ ವಿಶ್ರಾಂತಿಯಾಗಬೇಕು, ನಿನ್ನ ದಾಸಿಯ ಮಗನೂ ಪರದೇಶದವನೂ ದಣಿವಾರಿಸಿಕೊಳ್ಳಬೇಕು ಎಂದು ವಿಮೋಚನಕಾಂಡದ ಇಪ್ಪತ್ಮೂರನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಇನ್ನೂ ಮುಂದುವರಿದು ಹೊಲಕ್ಕೇ ಸಬ್ಬತ್ ಕೊಡುತ್ತದೆ: 6 ವರ್ಷ ಬಿತ್ತಬಹುದು, ಏಳನೆಯ ವರ್ಷ ಬೀಳುಬಿಡಬೇಕು, ಆ ವರ್ಷ ತಾನಾಗಿ ಬೆಳೆದದ್ದು ಒಡೆಯನಿಗೂ ಆಳಿಗೂ ಕೂಲಿಯವನಿಗೂ ಸಾಕಿದ ದನಕ್ಕೂ ಕಾಡಿನ ಮೃಗಕ್ಕೂ ಆಹಾರವಾಗಬೇಕು. ಯಾರಾದರೂ ತನ್ನೊಳಗೆ ಸಬ್ಬತ್ತಿನ ಶಾಂತಿ ನೆಲೆಸಿದೆ ಎಂದು ಹೇಳಿದರೆ, ಈ ಎರಡು ಅಧ್ಯಾಯಗಳ ಪ್ರಕಾರ ಅವರನ್ನು ಕೇಳಬೇಕಾದ ಪ್ರಶ್ನೆ ಅವರ ಧ್ಯಾನದ ಬಗ್ಗೆ ಅಲ್ಲ. ಅವರಲ್ಲಿ ಕೂಲಿಗೆ ಬರುವವರಿಗೆ ವಾರದಲ್ಲಿ ಒಂದು ದಿನ ಬಿಡುವಿದೆಯೇ ಎಂಬುದು.